ಮಂಡಿಗೆ ಏಟು ಎಂದ ಹುಡುಗ

ನನಗೆ ಹತ್ತು ವರ್ಷ. ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆಯುವುದು ಸಾಕಾಗಿ, ಬಾರ್ ಮೇಲಿಂದ ಕಾಲು ಹಾಕುವ ಉಮೇದು ಹತ್ತಿತ್ತು. ಚೈನ್ ಕಳಚಿತು, ಕಾಲು ಜಾರಿತು, ಮೈಭಾರವೆಲ್ಲ ಆ ಕಬ್ಬಿಣದ ಬಾರಿನ ಮೇಲೆ. ಕುಂಟುತ್ತ ಬಂದವನನ್ನು ಅಮ್ಮ "ಏನಾಯ್ತೋ?" ಎಂದು ಕೇಳಿದಳು. "ಮಂಡಿಗೆ ಏಟು" ಅಂದೆ. ಎರಡು ದಿನ ಮಂಡಿಗೆ ಎಣ್ಣೆ ತಿಕ್ಕಿದಳು, ಪಾಪ.

ಊತ ತಾನಾಗೇ ಇಳಿಯಿತು. ಇಂಥ ಏಟುಗಳಲ್ಲಿ ಹೆಚ್ಚಿನವು ಹಾಗೇ. ಬಟ್ಟೆಯಲ್ಲಿ ಸುತ್ತಿದ ಐಸು, ಬಿಗಿಯಾದ ಕಾಚ, ಒಂದೆರಡು ದಿನ ವಿಶ್ರಾಂತಿ ಸಾಕು. ಆದರೆ ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರವೇ ಕಟ್ಟಿದರೆ ಮೂತ್ರನಾಳ ಹರಿದಿರಬಹುದು. ಗಂಟೆಯಾದರೂ ನೋವು ಇಳಿಯದಿದ್ದರೆ, ಬೀಜದ ಚೀಲ ಕಪ್ಪಗೆ ಊದಿದರೆ ಮನೆಮದ್ದಿನ ಮಾತೇ ಬೇಡ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬೀಜ ತಿರುಚಿಕೊಳ್ಳುವ ತೊಂದರೆ. ಇದಕ್ಕೆ ಏಟೇ ಬೀಳಬೇಕೆಂದಿಲ್ಲ, ನಿದ್ದೆಯಲ್ಲೂ ಆಗುತ್ತದೆ. ಹನ್ನೆರಡರಿಂದ ಹದಿನೆಂಟರ ಹುಡುಗರಲ್ಲಿ ಜಾಸ್ತಿ. ಬೀಜಕ್ಕೆ ರಕ್ತ ಒಯ್ಯುವ ನಾಳ ಹಿಂಡಿದ ಬಟ್ಟೆಯಂತೆ ಸುತ್ತಿಕೊಳ್ಳುತ್ತದೆ. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಹತ್ತರಲ್ಲಿ ಒಂಬತ್ತು ಉಳಿಯುತ್ತವೆ; 24 ಗಂಟೆ ದಾಟಿದರೆ ಉಳಿಯುವುದು ಅಪರೂಪ. ಸುತ್ತು ಬಿಡಿಸಿ ಹೊಲಿದು ನಿಲ್ಲಿಸುವಾಗ ಇನ್ನೊಂದನ್ನೂ ಹೊಲಿಯುತ್ತಾರೆ, ಅದೂ ತಿರುಚದಿರಲೆಂದು.

ಆ ಆರು ಗಂಟೆ ಎಲ್ಲಿ ಹೋಗುತ್ತದೆ? ಹುಡುಗ "ಕಿಬ್ಬೊಟ್ಟೆ ನೋವು" ಅನ್ನುತ್ತಾನೆ, ವಾಂತಿ ಮಾಡುತ್ತಾನೆ. ಅಜ್ಜಿ ಉಷ್ಣವೆಂದು ಎಳನೀರು ಕುಡಿಸುತ್ತಾಳೆ. ಪಕ್ಕದ ಮನೆಯವರು ಬಟ್ಟಿ ಜಾರಿದೆ ಎನ್ನುತ್ತಾರೆ. ಮೆಡಿಕಲ್ ಶಾಪಿನವನು ಗ್ಯಾಸ್ಟ್ರಿಕ್ ಮಾತ್ರೆ ಕೊಡುತ್ತಾನೆ. ಚಡ್ಡಿ ಬಿಚ್ಚಿಸಿ ನೋಡುವವರು ಒಬ್ಬರೂ ಇಲ್ಲ. ನೋಡಿದ ಮೇಲೂ ಸ್ಕ್ಯಾನಿಂಗ್ ಸೆಂಟರ್ ಬಾಗಿಲು ತೆಗೆಯಲಿ ಎಂದು ಬೆಳಗಿನವರೆಗೆ ಕಾಯುವುದುಂಟು. ಲಕ್ಷಣ ಸ್ಪಷ್ಟವಿದ್ದರೆ ಸ್ಕ್ಯಾನಿಗಾಗಿ ಸರ್ಜನ್ ಕಾಯಬೇಕಿಲ್ಲ.

ಜಿಪ್ಪಿಗೆ ಚರ್ಮ ಸಿಕ್ಕಿಕೊಂಡ ಕಥೆ ಎಲ್ಲ ಮನೆಯಲ್ಲೂ ನಗೆಗೀಡು. ನಗಬಹುದು, ಎಳೆಯಬಾರದು. ಎಣ್ಣೆ ಹಚ್ಚಿದರೆ ಕೆಲವೊಮ್ಮೆ ಬಿಡುತ್ತದೆ; ಇಲ್ಲದಿದ್ದರೆ ಡಾಕ್ಟರು ಜಿಪ್ಪಿನ ಗುಂಡಿಯ ನಡುವಿನ ಸಣ್ಣ ಸೇತುವೆಯನ್ನು ಕಟರಿನಿಂದ ಕತ್ತರಿಸುತ್ತಾರೆ, ಹಲ್ಲುಗಳು ತಾವೇ ಬಿಚ್ಚಿಕೊಳ್ಳುತ್ತವೆ.

ಇನ್ನು ಕೆಲವು ಗಾಯಗಳನ್ನು ನಾವೇ ಮಾಡುತ್ತೇವೆ. ಎಣ್ಣೆಸ್ನಾನದಲ್ಲಿ ಕೂಸಿನ ಮುಂದೊಗಲನ್ನು ಬಲವಂತವಾಗಿ ಹಿಂದಕ್ಕೆ ಸರಿಸುವುದು ಅದರಲ್ಲೊಂದು. ಎಳೆಯ ಮಕ್ಕಳಲ್ಲಿ ಅದು ಅಂಟಿಕೊಂಡೇ ಇರುತ್ತದೆ, ಕೆಲವರಲ್ಲಿ ಹರೆಯದವರೆಗೂ. ಎಳೆದರೆ ಹರಿಯುತ್ತದೆ, ಹಿಂದೆ ಸರಿದದ್ದು ಮುಂದಕ್ಕೆ ಬಾರದೆ ಉಂಗುರದಂತೆ ಬಿಗಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಬಾಣಂತಿಯ ಉದುರಿದ ಕೂದಲು ಕೂಸಿನ ಶಿಶ್ನಕ್ಕೆ ಸುತ್ತಿಕೊಂಡು ಕೊಯ್ಯುವುದೂ ಉಂಟು. ಕಾರಣವಿಲ್ಲದೆ ಅಳುವ ಕೂಸಿನ ಬಟ್ಟೆ ಬಿಚ್ಚಿ ನೋಡಿ.

ಗಾಯಕ್ಕೂ ಹೇಳಿದ ಕಥೆಗೂ ತಾಳೆಯಾಗದಿದ್ದರೆ? ಗಂಡುಮಕ್ಕಳಿಗೂ ಲೈಂಗಿಕ ದೌರ್ಜನ್ಯವಾಗುತ್ತದೆ. 2012ರ ಪೋಕ್ಸೊ ಕಾಯ್ದೆ ಅವರನ್ನೂ ಕಾಯುತ್ತದೆ, ಮಕ್ಕಳ ಸಹಾಯವಾಣಿ 1098 ಅವರಿಗೂ ಇದೆ. ಹುಡುಗನನ್ನು ಗದರಿಸಿ ಬಾಯಿ ಬಿಡಿಸಲು ಹೋಗಬೇಡಿ.

ಮೊನ್ನೆ ಅಂಗಡಿಯೊಂದರಲ್ಲಿ ಅಪ್ಪ, ಮಗ ಕ್ರಿಕೆಟ್ ಕಿಟ್ ಕೊಳ್ಳುತ್ತಿದ್ದರು. ಹೆಲ್ಮೆಟ್ ಹಾಕಿಸಿ ನೋಡಿದರು, ಪ್ಯಾಡು ಕಟ್ಟಿಸಿ ನಡೆಸಿದರು. ಚಡ್ಡಿಯೊಳಗೆ ತೊಡುವ ಗಾರ್ಡನ್ನು ಮಾತ್ರ ಅಂಗಡಿಯವನೇ ಪೇಪರಿನಲ್ಲಿ ಸುತ್ತಿ, ಯಾರನ್ನೂ ನೋಡದೆ, ಬ್ಯಾಗಿನ ತಳಕ್ಕೆ ತುರುಕಿದ.