ಸೈಕಲ್ಲಿಗೂ ಒಂದು ಮಿತಿ

ಫ್ರಾನ್ಸಿನ ಮೆಡಿಟರೇನಿಯನ್ ಕರಾವಳಿಗೆ ಸಮೀಪದ ಪೋರ್ಕೆರೋಲ್ ದ್ವೀಪಕ್ಕೆ ಪ್ರವಾಸಿಗರ ಕಾರು ಬರುವಂತಿಲ್ಲ. ದೋಣಿ ಇಳಿದವರು ನಡೆಯಬೇಕು, ಇಲ್ಲವೇ ಬಾಡಿಗೆ ಸೈಕಲ್ ಹತ್ತಬೇಕು. ಸುಮಾರು 7 ಕಿ.ಮೀ. ಉದ್ದದ ದ್ವೀಪ, ಪೈನ್ ಮರಗಳ ನೆರಳು, ದ್ರಾಕ್ಷಿ ತೋಟ, ದಾರಿ ಮುಗಿದಲ್ಲಿ ಕಡಲು. ಹಾರ್ನ್ ಸದ್ದಿಲ್ಲದ ಈ ಹಾದಿಯಲ್ಲಿ ಅವಸರಕ್ಕೆ ಕೆಲಸವಿಲ್ಲ.

ಈ ನೆಮ್ಮದಿ ತಾನಾಗಿ ಉಳಿದದ್ದಲ್ಲ. ದ್ವೀಪ ಕಟ್ಟಡಗಳ ಪಾಲಾಗದಿರಲೆಂದು 1971ರಲ್ಲಿ ಸರ್ಕಾರವೇ ಅದರ ಬಹುಭಾಗವನ್ನು ಖರೀದಿಸಿತು. 1963ರಲ್ಲಿ ಸ್ಥಾಪನೆಯಾದ ಪೋರ್-ಕ್ರೋ ರಾಷ್ಟ್ರೀಯ ಉದ್ಯಾನ ಈಗ ಇದರ ಕಾವಲಿಗಿದೆ. ಆದರೂ ಬೇಸಿಗೆಯ ಜನಜಂಗುಳಿ ತಪ್ಪಲಿಲ್ಲ. 2021ರಲ್ಲಿ, ಬೇಸಿಗೆಯ ದಿನಗಳಲ್ಲಿ ದೋಣಿಯಲ್ಲಿ ಬರುವವರ ಸಂಖ್ಯೆಯನ್ನು ದಿನಕ್ಕೆ 6,000ಕ್ಕೆ ಮಿತಿಗೊಳಿಸಲಾಯಿತು. ಕಾಳ್ಗಿಚ್ಚಿನ ಭಯ ಹೆಚ್ಚಿದ ದಿನ ಕಾಡಿನ ದಾರಿಗಳಿಗೂ ಬೀಗ; ಕೆಲವು ಕಾಲುದಾರಿಗಳಲ್ಲಿ ಸೈಕಲ್ಲಿಗೂ ನಿಷೇಧ.

ಸೈಕಲ್ ಹೊಗೆ ಉಗುಳುವುದಿಲ್ಲ, ನಿಜ. ಆದರೆ ಸಾವಿರಗಟ್ಟಲೆ ಚಕ್ರಗಳು ಉರುಳಿದರೆ ಮಣ್ಣು ಸವೆಯುತ್ತದೆ, ಮೌನವೂ ಕದಡುತ್ತದೆ. ಕಾರನ್ನು ಹೊರಗಿಡುವುದು ಮೊದಲ ಹೆಜ್ಜೆ ಮಾತ್ರ. ಎಷ್ಟು ಜನ ಸಾಕು ಎಂದು ಹೇಳುವ ಧೈರ್ಯ ಎರಡನೆಯದು. ಪ್ರವಾಸಿಗರ ಎಣಿಕೆಯನ್ನೇ ಯಶಸ್ಸಿನ ಅಳತೆಗೋಲು ಮಾಡಿಕೊಂಡ ಆಡಳಿತಗಳು ಈ ಪುಟ್ಟ ದ್ವೀಪದಿಂದ ಕಲಿಯಬೇಕಾದ ಪಾಠ ಇದೇ.