ಕೈ ನಮ್ಮದು, ಬೀಗದ ಕೈ ಯಾರದು?

ಈಗ ಎಲ್ಲಿ ನೋಡಿದರೂ ಒಂದೇ ಮಾತು. ಮಕ್ಕಳು ಕೈಯಿಂದ ಕಲಿಯಬೇಕಂತೆ. ಪುಸ್ತಕದ ಬದನೆಕಾಯಿ ಸಾಕಂತೆ. ಮುಟ್ಟಿ, ಬಿಚ್ಚಿ, ಜೋಡಿಸಿ, ಕೆಡಿಸಿ, ಮತ್ತೆ ಕಟ್ಟಿ ಕಲಿತದ್ದೇ ವಿದ್ಯೆಯಂತೆ. ತರಬೇತಿ ಶಿಬಿರಗಳಲ್ಲಿ ಸಂಪನ್ಮೂಲ ವ್ಯಕ್ತಿಗಳು ಗೋಡೆಯ ಮೇಲೆ ಬಣ್ಣದ ಚಿತ್ರ ಬಿಟ್ಟು ಇದನ್ನೇ ಒದರುತ್ತಿದ್ದಾರೆ. ಹಳ್ಳಿ ಮೇಷ್ಟ್ರುಗಳು ಟೀ ಬರುವ ದಾರಿ ನೋಡುತ್ತಾ ತಲೆಯಾಡಿಸುತ್ತಿದ್ದಾರೆ. ಇದೇನೋ ಹೊಸ ಸಮಾಚಾರ ಅನ್ನುವ ಹಾಗೆ!

ಸ್ವಾಮಿ, ಈ ದೇಶದಲ್ಲಿ ಸಾವಿರಾರು ವರ್ಷ ಕೈಯಿಂದಲೇ ಕಲಿತವರು ಯಾರು? ನೇಗಿಲು ಹಿಡಿದವನು ಯಾವ ಗುರುಕುಲಕ್ಕೆ ಹೋಗಿದ್ದ? ತಿಗರಿ ತಿರುಗಿಸಿದವನಿಗೆ, ಕುಲುಮೆ ಊದಿದವನಿಗೆ, ಸತ್ತ ದನದ ತೊಗಲು ಸುಲಿದು ಮೆಟ್ಟು ಹೊಲಿದವನಿಗೆ ಯಾವ ಪಂಡಿತ ಪಾಠ ಹೇಳಿದ್ದ? ಕೈಯಿಂದ ಕಲಿತದ್ದೇ ನಮ್ಮ ಅಪರಾಧವಾಯಿತು. ಬಾಯಿಂದ ಕಲಿತವನು ಅಗ್ರಹಾರದಲ್ಲಿ ಕೂತ. ಕೈಯಿಂದ ಕಲಿತವನು ಊರಾಚೆ ಬಿದ್ದ. ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ ಬೇರೆ. ಸರಿಯಾಗೇ ಇದೆ. ಕೈ ನಮ್ಮದು, ಬಾಯಿ ಅವರದು.

ಹಾಗಂತ ಕೈಯಿಂದ ಕಲಿಯುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಉರು ಹೊಡೆದು, ಪರೀಕ್ಷೆಯಲ್ಲಿ ಕಕ್ಕಿ, ಪಾಸಾಗುವ ಈ ವಿದ್ಯೆ ಪುರೋಹಿತಶಾಹಿ ಉಂಡು ಬಿಟ್ಟ ಎಂಜಲು. ಅದು ಹೋಗಲೇಬೇಕು. ನನ್ನ ತಕರಾರು ಬೇರೆ. ಮುಟ್ಟಿ ಕಲಿ ಅನ್ನುತ್ತೀರಲ್ಲ, ಮುಟ್ಟುವುದು ಅನ್ನುವ ಮಾತಿಗೆ ಈ ನೆಲದಲ್ಲಿ ಏನು ಅರ್ಥ ಅಂತ ನಿಮಗೆ ಗೊತ್ತಿಲ್ಲವೆ? ಯಾವ ಕೈ ಏನನ್ನು ಮುಟ್ಟಬಹುದು, ಏನನ್ನು ಮುಟ್ಟಕೂಡದು, ಏನನ್ನು ಮುಟ್ಟಲೇಬೇಕು ಅಂತ ಬರೆದಿಟ್ಟ ದೇಶ ಇದು. ಇಲ್ಲಿ ಅದು ಬೋಧನಾ ವಿಧಾನದ ಪ್ರಶ್ನೆಯಾಗುವ ಮೊದಲೇ ಜಾತಿಯ ಪ್ರಶ್ನೆ.

ಸಾತಾರದ ಶಾಲೆಯಲ್ಲಿ ಬಾಲಕ ಭೀಮರಾವ್ ಮನೆಯಿಂದ ತಂದ ಗೋಣಿತಾಟಿನ ಮೇಲೆ ಬೇರೆ ಕೂರಬೇಕಿತ್ತು. ಶಾಲೆಯಲ್ಲಿ ನಲ್ಲಿ ಇತ್ತು. ಮುಟ್ಟುವ ಹಾಗಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಇಲ್ಲದಿದ್ದರೆ ಬಾಯಾರಿಕೆ. ನಲ್ಲಿಯೂ ಒಂದು ತಂತ್ರಜ್ಞಾನವೇ ಅಲ್ಲವೇನ್ರಿ? ಮುಂದೆ ಬೊಂಬಾಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಲೆಕ್ಕ ಬಿಡಿಸು ಬಾ ಅಂತ ಮೇಷ್ಟ್ರು ಕಪ್ಪು ಹಲಗೆಯ ಬಳಿಗೆ ಕರೆದಾಗ ಸವರ್ಣ ಹುಡುಗರೆಲ್ಲ ಹೋ ಅಂತ ಎದ್ದರು. ಹಲಗೆಯ ಹಿಂದೆ ಅವರ ಬುತ್ತಿ ಡಬ್ಬಿಗಳಿದ್ದವು. ಈ ಹುಡುಗ ಹಲಗೆ ಮುಟ್ಟುವ ಮೊದಲು ಡಬ್ಬಿ ತೆಗೆಯಬೇಕಿತ್ತು. ಆ ಕಪ್ಪು ಹಲಗೆ ಅಂದಿನ ಕಾಲದ ಸ್ಮಾರ್ಟ್ ಬೋರ್ಡು. ಹಲಗೆ ಬದಲಾಗಿದೆ. ಡಬ್ಬಿ ಇಟ್ಟವರು ಬದಲಾಗಿದ್ದಾರೆಯೆ?

ಅದೆಲ್ಲ ನೂರು ವರ್ಷದ ಹಿಂದಿನ ಕತೆ ಬಿಡಯ್ಯ ಅನ್ನುವ ಗೆಳೆಯರಿದ್ದಾರೆ. ಅವರಿಗೆ 2023ರ ಡಿಸೆಂಬರ್ ನೆನಪು ಮಾಡುತ್ತೇನೆ. ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಕಕ್ಕಸಿನ ಗುಂಡಿಗೆ ಇಳಿಸಿದರು. ಬರಿಗೈಯಲ್ಲಿ ಮಲ ಎತ್ತಿಸುವುದನ್ನು ನಿಷೇಧಿಸಿದ ಕಾಯಿದೆ 2013ರಲ್ಲಿ ಬಂದು ಹತ್ತು ವರ್ಷವಾಗಿತ್ತು. ಫೋನಿನಲ್ಲಿ ಹಿಡಿದ ದೃಶ್ಯ ಹೊರಬಿದ್ದ ಮೇಲೆ ಕೇಸಾಯಿತು, ಬಂಧನವಾಯಿತು. ಇದೂ ಕೈಯಿಂದ ಕಲಿಸುವುದೇ. ನಮ್ಮ ಮಕ್ಕಳಿಗೆ ಶಾಲೆ ಯಾವತ್ತೂ ಕೈಗೆ ಕೆಲಸ ಕೊಡದೆ ಬಿಟ್ಟಿಲ್ಲ. ಪೊರಕೆ ಕೊಟ್ಟಿದೆ. ಬಕೀಟು ಕೊಟ್ಟಿದೆ. ಸೇವಾಗ್ರಾಮದ ನಯೀ ತಾಲೀಮಿನಲ್ಲಿ ಎಲ್ಲ ಜಾತಿಯ ಮಕ್ಕಳೂ ಕಕ್ಕಸು ತೊಳೆದರು ಅಂತ ಗಾಂಧಿವಾದಿಗಳು ಎದ್ದು ನಿಲ್ಲುತ್ತಾರೆ. ನಿಜ, ತೊಳೆದರು. ಆದರೆ ವಾರ್ಧಾದಲ್ಲಿ 1937ರಲ್ಲಿ ಹೇಳಿದ ಆ ಕೈಕಸುಬಿನ ಶಿಕ್ಷಣವನ್ನು ದೇಶದ ಸಾಹುಕಾರರು ತಮ್ಮ ಮಕ್ಕಳಿಗೆ ಕೊಡಿಸಿದರೆ? ಕಾನ್ವೆಂಟಿಗೆ ಕಳಿಸಿದರು.

ಈಗ ಹೊಸ ನೀತಿಗೆ ಬರೋಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ದಿನ ಚೀಲ ಹೊರುವ ಕಷ್ಟವಿಲ್ಲ. ಊರಿನ ಕಸುಬುದಾರರ ಬಳಿ ಹೋಗಿ ಕಲಿಯಬೇಕು. ಯಾರ ಬಳಿ? ಬಡಗಿ, ತೋಟಗಾರ, ಕುಂಬಾರ, ಕಲಾವಿದ ಇತ್ಯಾದಿ. ಈ 'ಇತ್ಯಾದಿ'ಯನ್ನು ಚೆನ್ನಾಗಿ ನೋಡಿ ಗೆಳೆಯರೆ. ನಾವಿರುವುದು ಅದರೊಳಗೆ. ಚಮ್ಮಾರ ಅದರಲ್ಲಿ, ತಮಟೆಯವನು ಅದರಲ್ಲಿ, ಪೌರಕಾರ್ಮಿಕ ಅದರಲ್ಲಿ. ನೀತಿಯಲ್ಲಿಯೂ ನಮಗೊಂದು ಕೇರಿ ಕಟ್ಟಿಕೊಟ್ಟಿದ್ದಾರೆ!

ಪಟ್ಟಿಯಲ್ಲಿ ಹೆಸರು ಬಂದವನ ಗತಿಯೂ ಅಷ್ಟೇ. ಪೇಟೆಯ ಹುಡುಗ ಹತ್ತು ದಿನ ಮಣ್ಣು ಕಲಸಿ, ಫೋಟೋ ಹಿಡಿಸಿಕೊಂಡು, ಹನ್ನೊಂದನೇ ದಿನ ಕೋಡಿಂಗ್ ಕ್ಲಾಸಿಗೆ ಹೋಗುತ್ತಾನೆ. ಕುಂಬಾರನ ಮಗ ಹನ್ನೊಂದನೇ ದಿನ ಎಲ್ಲಿಗೆ ಹೋಗುತ್ತಾನೆ?

ಈ ಪ್ರಶ್ನೆಗೆ ಒಂದು ಸಾರಿ ಉತ್ತರ ಸಿಕ್ಕಿತ್ತು. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿ ರಾಜಾಜಿ ಒಂದು ಯೋಜನೆ ತಂದರು. ಹಳ್ಳಿಯ ಮಕ್ಕಳಿಗೆ ಶಾಲೆ ದಿನಕ್ಕೆ ಮೂರು ಗಂಟೆ. ಉಳಿದ ಹೊತ್ತು ಮನೆಗೆ ಹೋಗಿ ಅಪ್ಪನ ಕಸುಬು ಕಲಿ. ಮಾಡಿ ಕಲಿ, ನೋಡಿ ಕಲಿ, ಬದುಕಿನಿಂದ ಕಲಿ. ಕೇಳುವುದಕ್ಕೆ ಎಷ್ಟು ಇಂಪು! ಪೆರಿಯಾರ್ ಅದರ ಬಟ್ಟೆ ಬಿಚ್ಚಿದರು. ಅದು ಕುಲಕಸುಬಿನ ಶಿಕ್ಷಣ, ಅಂಬಟ್ಟನ ಮಗ ಅಂಬಟ್ಟ, ಪರೆಯನ ಮಗ ಪರೆಯ ಆಗಿಯೇ ಉಳಿಯುವ ಸಂಚು ಅಂತ ಜನ ಬೀದಿಗಿಳಿದರು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜ್ ಬಂದು ಯೋಜನೆ ಕಿತ್ತೆಸೆದರು. ನೆನಪಿರಲಿ, ಆಗ ನಮ್ಮ ಕೊಳ್ಳೇಗಾಲವೂ ಮಂಗಳೂರು ಸೀಮೆಯೂ ಮದರಾಸಿಗೇ ಸೇರಿದ್ದವು. ಇದು ಬೇರೆಯವರ ಮನೆಯ ಕತೆಯಲ್ಲ.

ಹಾಗಾದರೆ ನಮ್ಮ ಕಸುಬಿನಲ್ಲಿ ವಿದ್ಯೆ ಇಲ್ಲವೆ? ಇದೆ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ಹಾಕಿದರೆ ಕೂದಲು ಸಡಿಲವಾಗುತ್ತದೆ. ತಂಗಡಿ ಚಕ್ಕೆಯ ನೀರಿನಲ್ಲಿ ನೆನೆಹಾಕಿದರೆ ಚಕ್ಕೆಯೊಳಗಿನ ಒಗರು, ಪುಸ್ತಕದವರು ಟ್ಯಾನಿನ್ ಅನ್ನುತ್ತಾರಲ್ಲ ಅದು, ತೊಗಲಿನ ಪ್ರೋಟೀನನ್ನು ಹಿಡಿದು ಕಟ್ಟುತ್ತದೆ. ಆಮೇಲೆ ಅದು ಕೊಳೆಯುವುದಿಲ್ಲ. ಇದು ರಸಾಯನಶಾಸ್ತ್ರವಲ್ಲದೆ ಮತ್ತೇನು? ತಮಟೆಯನ್ನು ಬಡಿಯುವ ಮುಂಚೆ ಬೆಂಕಿಗೆ ಹಿಡಿಯುತ್ತಾರೆ. ತೊಗಲಿನ ತೇವ ಆರಿ ಬಿಗಿಯಾಗುತ್ತದೆ, ನಾದ ಏರುತ್ತದೆ. ಶಬ್ದದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಯಾವ ಅಂಗಡಿಯಲ್ಲಿದೆ? ಕಂಚ ಐಲಯ್ಯ 2007ರಲ್ಲಿ ತೊಗಲು ಕೆಲಸದವರ, ಕುಂಬಾರರ, ಅಗಸರ ಕೈಯೊಳಗಿನ ಈ ವಿಜ್ಞಾನವನ್ನೇ ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದರು.

ಆದರೆ ಎಚ್ಚರ. ಈ ಪಾಠ ಕೇರಿಯ ಮಗುವಿಗೆ ಬೇಕಾಗಿಲ್ಲ. ಅದರ ತಾತ ಮುತ್ತಾತಂದಿರು ಬೆನ್ನು ಬಾಗುವ ತನಕ ಕಲಿತಿದ್ದಾರೆ. ಹಟ ಹಿಡಿದು, ಏಟು ತಿಂದು, ಎಷ್ಟೋ ಕೇರಿಗಳಲ್ಲಿ ಸತ್ತ ದನ ಹೊರುವುದನ್ನು ಬಿಟ್ಟಿದ್ದಾರೆ. ಈ ಪಾಠ ಬೇಕಾಗಿರುವುದು ಊರೊಳಗಿನ ಮಗುವಿಗೆ. ತಂಗಡಿ ಚಕ್ಕೆಯ ನೀರಿನಲ್ಲಿ ಅದರ ಕೈ ಅದ್ದಲಿ. ತಮಟೆ ಅದರ ಕೊರಳಿಗೆ ಬರಲಿ. ಕೇರಿಯ ಮಗುವಿನ ಕೈಗೆ ಸೂಕ್ಷ್ಮದರ್ಶಕ ಕೊಡಿ. ಕೈಗಳು ಅದಲುಬದಲಾಗಬೇಕು. ಜಾತಿ ಅನ್ನುವುದು ಕೆಲಸವನ್ನಷ್ಟೇ ಹಂಚಲಿಲ್ಲ, ಕೆಲಸ ಮಾಡುವ ಮನುಷ್ಯರನ್ನೇ ಕೋಣೆ ಕೋಣೆಯಾಗಿ ಕೂಡಿಹಾಕಿತು ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿದ್ದಾರೆ. ಕೋಣೆ ಒಡೆಯದೆ ಕೈಗೆ ಕೆಲಸ ಕೊಟ್ಟರೆ ಅದು ಬೇರೆ ಹೆಸರಿನ ಬಿಟ್ಟಿ ಚಾಕರಿ.

ಸೂಕ್ಷ್ಮದರ್ಶಕ ಅಂದೆನಲ್ಲ. ನಾನು ಓದಿದ ಹೈಸ್ಕೂಲಿನಲ್ಲೂ ಒಂದು ಇತ್ತು. ಕಬ್ಬಿಣದ ಬೀರುವಿನೊಳಗೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ಮೂಟೆಗಟ್ಟಲೆ ಈರುಳ್ಳಿ ಸುಲಿದ ಕೈಗಳು ನಮ್ಮವು. ಈರುಳ್ಳಿ ಸಿಪ್ಪೆಯ ಜೀವಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂತ ಪರೀಕ್ಷೆಗೆ ಬಂತು. ಬರೆದೆವು. ಗುರುತಿಸಿದೆವು. ಅಂಕ ಬಂತು. ಆ ಕೋಶವನ್ನು ಕಣ್ಣಿಂದ ನೋಡಲಿಲ್ಲ. ಸಾಹೇಬರು ತಪಾಸಣೆಗೆ ಬರುವ ಹಿಂದಿನ ದಿನ ಬೀರು ಒರೆಸುವುದಕ್ಕೆ ನಮ್ಮನ್ನೇ ಕರೆಯುತ್ತಿದ್ದರು. ಒರೆಸಿದ್ದು ಹೊರಗಿನಿಂದ. ನೀವು ಓದಿದ ಶಾಲೆಯಲ್ಲಿಯೂ ಇಂಥದೊಂದು ಬೀರು ಇದ್ದೇ ಇತ್ತು, ಹೌದೋ ಅಲ್ಲವೋ? 1987ರಲ್ಲಿ ಕಪ್ಪು ಹಲಗೆ ಕಾರ್ಯಾಚರಣೆ ಅಂತ ದೇಶದ ಪ್ರಾಥಮಿಕ ಶಾಲೆಗಳಿಗೆಲ್ಲ ಪಾಠೋಪಕರಣ ಕೊಡಲು ಹೊರಟರಲ್ಲ, ಬಂದ ಪೆಟ್ಟಿಗೆಗಳ ಕತೆಯನ್ನು ನಿಮ್ಮೂರಿನ ಹಳೇ ಮೇಷ್ಟ್ರನ್ನು ಕೇಳಿ.

ಮೇಷ್ಟ್ರನ್ನೇ ಬಯ್ದು ಕೂರುವವನು ನಾನಲ್ಲ. ಗಾಜು ಒಡೆದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ ಅನ್ನುವ ಭಯ ಅವರಿಗೆ. ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ಮಸೂರ ಕಡಿಮೆ ಬಂದರೆ ವಿವರಣೆ ಕೊಡಬೇಕು. ಒಂದು ಮಗುವಿನ ತಲೆಯಲ್ಲಿ ಬೆಳಕು ಕಡಿಮೆ ಬಂದರೆ ಯಾರೂ ವಿವರಣೆ ಕೇಳುವುದಿಲ್ಲ. ಒಡೆಯದೆ ಕಲಿಯುವುದು ಹೇಗೆ? ಒಡೆಯುವುದಕ್ಕೆ ಅಂತಲೇ ಬಜೆಟ್ಟಿನಲ್ಲಿ ಹಣ ಇಡಬೇಕು. ಮೇಷ್ಟ್ರುಗಳ ಸಂಘ ತುಟ್ಟಿಭತ್ಯೆಗೆ ಹೂಡುವ ಮುಷ್ಕರದಲ್ಲಿ ಅರ್ಧ ದಿನ ಇದಕ್ಕೆ ಹೂಡಲಿ.

ಆಗದ ಮಾತು ಅನ್ನಬೇಡಿ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಹಳ್ಳಿ ಶಾಲೆಗಳಲ್ಲಿ ಶುರುವಾಯಿತು. ಮಕ್ಕಳು ಗುಂಪು ಕೂತು ಪ್ರಯೋಗ ಮಾಡುವುದು, ಕಂಡದ್ದನ್ನು ಬರೆಯುವುದು, ಜಗಳವಾಡಿ ತೀರ್ಮಾನಕ್ಕೆ ಬರುವುದು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡು ಕೂರಬಹುದು. ಪ್ರಯೋಗ ಮಾತ್ರ ಮಾಡಿ ತೋರಿಸಬೇಕು. ಸೈಕಲ್ ಟೈರಿನ ವಾಲ್ವ್ ಟ್ಯೂಬು, ಬೆಂಕಿಕಡ್ಡಿಗಳಲ್ಲಿ ರೇಖಾಗಣಿತ ಕಟ್ಟಿದ ಅರವಿಂದ ಗುಪ್ತಾ ಪಳಗಿದ್ದು ಅಲ್ಲೇ. ಮೂವತ್ತು ವರ್ಷ ನಡೆದು, ಸಾವಿರ ಶಾಲೆ ಮುಟ್ಟಿದ ಈ ಕೆಲಸವನ್ನು 2002ರಲ್ಲಿ ಆ ರಾಜ್ಯದ ಸರ್ಕಾರವೇ ನಿಲ್ಲಿಸಿತು. ಬಡವರ ಮಕ್ಕಳು ಪ್ರಶ್ನೆ ಕೇಳುವುದನ್ನು ಕಲಿತರೆ ಯಾವ ಸರ್ಕಾರಕ್ಕೆ ನಿದ್ದೆ ಬರುತ್ತದೆ?

ನಮ್ಮಲ್ಲೂ ಉಂಟು. ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಹುಟ್ಟಿದ ನಲಿ ಕಲಿ. ಕಾರ್ಡು ಎತ್ತಿಕೊಂಡು, ಗುಂಪಿನಲ್ಲಿ ಕೂತು, ತನ್ನ ವೇಗದಲ್ಲಿ ಕಲಿಯುವ ಮಗು. ನನಗೆ ಅದರಲ್ಲಿ ಇಷ್ಟವಾದದ್ದು ಕಾರ್ಡಲ್ಲ. ಹಿಂದಿನ ಬೆಂಚು ಅನ್ನುವುದೇ ಇಲ್ಲದ್ದು. ದುಂಡಗೆ ಕೂತರೆ ಕೇರಿಯ ಮಗುವಿನ ಮೊಣಕೈ ಊರಿನ ಮಗುವಿಗೆ ತಾಗಲೇಬೇಕು. ಆದರೆ ಇದು ರಾಜ್ಯಕ್ಕೆಲ್ಲ ಹರಡುವ ಹೊತ್ತಿಗೆ ಊರಿನ ಮಗು ಹಳದಿ ಬಸ್ಸು ಹತ್ತಿ ಹೋಗಿಯಾಗಿತ್ತು. ನಮ್ಮ ಮಕ್ಕಳು ನಮ್ಮ ಮಕ್ಕಳ ಜೊತೆಗೇ ದುಂಡಗೆ ಕೂತಿದ್ದಾರೆ.

ಇನ್ನು ಯಂತ್ರ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವನ್ನು ಎರವಲು ತಂದು ಆರು ರಾಜ್ಯಗಳ 2400 ಹಳ್ಳಿಗಳಿಗೆ ಟೀವಿ ತೋರಿಸಿದರು. ಆಗಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ವರ್ಷ ತುಂಬಿತು, ಉಪಗ್ರಹ ಹೊರಟುಹೋಯಿತು. ಆಮೇಲೆ ರೇಡಿಯೋ, ಕಂಪ್ಯೂಟರು, ಟ್ಯಾಬು, ಈಗ ಸ್ಮಾರ್ಟ್ ಬೋರ್ಡು. ಸ್ಮಾರ್ಟ್ ಬೋರ್ಡು ಅಂದರೇನು? ಮೇಷ್ಟ್ರು ಮುಟ್ಟುತ್ತಾರೆ, ಮಕ್ಕಳು ನೋಡುತ್ತಾರೆ. ಅಗ್ರಹಾರದ ಬಾಯಿಗೆ ಕರೆಂಟು ಕೊಟ್ಟಿದ್ದಾರೆ ಅಷ್ಟೆ. ಕೇಳುವವನು ಕೇಳುತ್ತಲೇ ಇರಬೇಕು.

ಮುಟ್ಟೋಣ ಅಂದರೆ ಇರಬೇಕಲ್ಲ. ಸರ್ಕಾರದ್ದೇ 2023-24ರ ಯುಡೈಸ್ ಲೆಕ್ಕದಲ್ಲಿ ಕೆಲಸ ಮಾಡುವ ಕಂಪ್ಯೂಟರು ಇದ್ದದ್ದು ದೇಶದ ನೂರು ಶಾಲೆಗಳಲ್ಲಿ 57ಕ್ಕೆ, ಇಂಟರ್ನೆಟ್ಟು 54ಕ್ಕೆ. 2020ರ ಜೂನಿನಲ್ಲಿ, ಕೊರೋನಾ ಕಾಲದ ಆನ್‌ಲೈನ್ ಪಾಠ ಶುರುವಾದಾಗ, ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಒಬ್ಬಳು ದಲಿತ ಹುಡುಗಿ ಪ್ರಾಣ ಬಿಟ್ಟಳು. ಮನೆಯ ಟೀವಿ ಕೆಟ್ಟಿತ್ತು, ಫೋನಿರಲಿಲ್ಲ. ಅಪ್ಪ ಕೂಲಿಯವನು. ಶಾಲಾ ಸುಧಾರಣೆಯಲ್ಲಿ ದೇಶಕ್ಕೇ ಮುಂದಿದ್ದ ರಾಜ್ಯ ಅದು.

ಯಂತ್ರ ಮುಟ್ಟಿದ ಮಕ್ಕಳೂ ಇದ್ದಾರೆ. ಬೆಂಗಳೂರಿನ ಸುದರ್ಶನ್ ಲೇಔಟಿನ ಸ್ಲಮ್ಮಿನಲ್ಲಿ ಅಂಬೇಡ್ಕರ್ ಹೆಸರಿನಲ್ಲಿ ಒಂದು ಸಮುದಾಯ ಕಂಪ್ಯೂಟರ್ ಕೇಂದ್ರ ನಡೆಯಿತು. ಮುಕ್ತ ತಂತ್ರಾಂಶದ ಹುಡುಗರು ಬಂದು ಕಲಿಸಿದರು. ಗಾರೆ ಕೆಲಸದವರ, ಮನೆಗೆಲಸದವರ ಮಕ್ಕಳು ಕಂಪ್ಯೂಟರಿನಲ್ಲಿ ಚಿತ್ರ ಬರೆದರು. ಯಾರ ಅಪ್ಪಣೆಯೂ ಬೇಕಾಗಲಿಲ್ಲ, ಯಾಕೆಂದರೆ ಕೋಣೆಯ ಬೀಗ ಅವರ ಬೀದಿಯದೇ.

2025ರ ಕೇಂದ್ರ ಬಜೆಟ್ಟಿನಲ್ಲಿ ಐದು ವರ್ಷದೊಳಗೆ ಸರ್ಕಾರಿ ಶಾಲೆಗಳಿಗೆ ಐವತ್ತು ಸಾವಿರ ಅಟಲ್ ಟಿಂಕರಿಂಗ್ ಲ್ಯಾಬು ಅಂತ ಘೋಷಿಸಿದ್ದಾರೆ. ಬರಲಿ. ರೋಬೋಟು ಬರಲಿ, ವಸ್ತುವನ್ನೇ ಮುದ್ರಿಸುವ ಯಂತ್ರ ಬರಲಿ. ನಿಮ್ಮೂರಿನ ಶಾಲೆಗೆ ಬಂದಿದೆಯೋ ಇಲ್ಲವೋ ಮೊದಲು ತಿಳಿದುಕೊಳ್ಳಿ. ಹೇಳದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಎಸ್‌ಡಿಎಂಸಿಯಲ್ಲಿ ಕೇರಿಯ ತಂದೆ ತಾಯಿಗಳಿದ್ದಾರೆ. ಹೆಬ್ಬೆಟ್ಟು ಒತ್ತಿ ಬರುವುದಕ್ಕಲ್ಲ ಅವರು ಇರುವುದು. ಸಭೆ ದಿನ ಅವರ ಜೊತೆ ಹೋಗಿ. ಸ್ಟಾಕ್ ರಿಜಿಸ್ಟರ್ ತೆಗೆಸಿ, ಜೋರಾಗಿ ಓದಿಸಿ. ಯಾವ ಮಗು ಯಾವ ದಿನ ಏನು ಮುಟ್ಟಿತು ಅಂತ ಕೇಳಿ. ಬೀರು ತೆಗೆಯಿರಿ ಅನ್ನಿ. ಬೀಗದ ಕೈ ಹೆಡ್ಮಾಸ್ಟರ ಮನೆಯಲ್ಲಿದೆ ಅಂದರೆ ಮನೆಗೆ ಆಳು ಕಳಿಸಲಿ. ಬರುವ ತನಕ ಅಲ್ಲೇ ಕೂತಿರಿ.