ಬೆಳೆದವನನ್ನು ಮರೆತ ದಾಸೋಹ



ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದರೆ 40 ಕಿಲೋಮೀಟರಿನ ಒಳಗೇ ಕಮಲಾಪುರ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ನಮ್ಮ ತೊಗರಿಗೂ 2019ರಲ್ಲಿ ಅದು ದೊರೆಯಿತು. ಹೆಮ್ಮೆಪಟ್ಟೆವು, ಮರೆತೆವು. ಈ ನಗರದ ಮಠಗಳ, ಪ್ರಸಾದ ನಿಲಯಗಳ ಪಂಕ್ತಿಯಲ್ಲಿ ಆ ಹಣ್ಣನ್ನು ನೀವು ಎಷ್ಟು ಬಾರಿ ಕಂಡಿದ್ದೀರಿ?

ಅದು ‘ಶ್ರೀಮಂತರ ಹಣ್ಣು’ ಎಂಬ ಮಾತು ರೂಢಿಯಲ್ಲಿದೆ. ಬೆಳೆದವನು ಶ್ರೀಮಂತನಾದನೇ? ಆ ಬಾಳೆ ಕೈಗೆ ಬರಲು ಹೆಚ್ಚುಕಡಿಮೆ ಒಂದೂವರೆ ವರ್ಷ ಬೇಕು. ಅಷ್ಟು ಕಾಲ ನೀರು, ಗೊಬ್ಬರ, ಆಳುಗಳ ಖರ್ಚು ಹೊತ್ತವನು ಗೊನೆ ಕಡಿಯುವ ಹೊತ್ತಿಗೆ ವ್ಯಾಪಾರಿಯ ಬೆಲೆಗೆ ತಲೆಬಾಗಬೇಕು. ಬೇಗ ಫಲ ಕೊಡುವ ಬೆಳೆಯತ್ತ ಅವನು ತಿರುಗಿದರೆ ತಪ್ಪು ಅವನದಲ್ಲ, ಕೊಳ್ಳದ ನಮ್ಮದು.

ಮಹಾದಾಸೋಹಿ ಶರಣಬಸವೇಶ್ವರರು ಸ್ವತಃ ಒಕ್ಕಲುತನ ಮಾಡಿದವರು. ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರನ್ನೂ ಇಟ್ಟರೆಂದು ಜನ ಇಂದಿಗೂ ನೆನೆಯುತ್ತಾರೆ. ಅವರ ದಾಸೋಹ ಹೊಲದಲ್ಲಿ ಹುಟ್ಟಿತು. ನಮ್ಮದು ಅಂಗಡಿಯ ಚೀಟಿಯಲ್ಲಿ ಹುಟ್ಟುತ್ತಿದೆ. ಒಕ್ಕಲಿಗನ ಕಾಯಕಕ್ಕೆ ಬೆಲೆ ಕೊಡದ ದಾಸೋಹ ಬರಿಯ ಅನ್ನಸಂತರ್ಪಣೆ. ಈ ಮಾತು ಮೊದಲು ನಮಗೇ ಅನ್ವಯಿಸುತ್ತದೆ. ನಮ್ಮ ಮಠವೂ ಇದಕ್ಕೆ ಹೊರತಲ್ಲ.

“ಸಾವಿರ ಜನಕ್ಕೆ ರೊಟ್ಟಿ ಬಡಿಯುವವರು ಯಾರು?” ಎಂದು ಕೆಲವರು ಕೇಳುತ್ತಾರೆ. ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ನಮ್ಮ ಜಿಲ್ಲೆಯ ಸ್ವಸಹಾಯ ಸಂಘಗಳ ತಾಯಂದಿರು ಬಡಿಯುತ್ತಿದ್ದಾರೆ. 2025ರ ಜೂನ್‌ನಲ್ಲಿ ಪ್ರಧಾನಮಂತ್ರಿಗಳೇ ಆಕಾಶವಾಣಿಯಲ್ಲಿ ಅವರ ಕಾಯಕವನ್ನು ಕೊಂಡಾಡಿದರು. ಬೆಂಗಳೂರನ್ನು ಮುಟ್ಟಿದ ರೊಟ್ಟಿ ಪಕ್ಕದ ಬೀದಿಯ ಮಠವನ್ನು ಮುಟ್ಟಲಾರದೇ?

“ಬೆಲೆ ಹೆಚ್ಚು” ಎಂಬುದು ಇನ್ನೊಂದು ಆಕ್ಷೇಪ. ಉತ್ಸವದ ಮಂಟಪಕ್ಕೆ, ದೀಪಾಲಂಕಾರಕ್ಕೆ ಸುರಿಯುವಾಗ ಈ ಲೆಕ್ಕ ಎಲ್ಲಿ ಅಡಗಿರುತ್ತದೆ?

ಮಾಡಬೇಕಾದುದು ಇಷ್ಟೇ. ಬಿತ್ತುವ ಮೊದಲೇ ರೈತರೊಡನೆ ಕುಳಿತು ಬೆಲೆ ಗೊತ್ತುಮಾಡಿ ಮುಂಗಡ ಕೊಡಬೇಕು. ರಾಶಿಯಾದೊಡನೆ ಜೋಳ, ತೊಗರಿಗಳನ್ನು ನೇರವಾಗಿ ಕೊಳ್ಳಬೇಕು. ತಿಂಗಳಿಗೊಮ್ಮೆಯಾದರೂ ಬಡ ವಿದ್ಯಾರ್ಥಿಯ ಎಲೆಗೆ ಕೆಂಬಾಳೆ ಬೀಳಬೇಕು. ಮಳೆ ಕೈಕೊಟ್ಟ ವರ್ಷ ಕೊಟ್ಟ ಮುಂಗಡವನ್ನು ಮರಳಿ ಕೇಳಬಾರದು; ನಷ್ಟದಲ್ಲಿ ಪಾಲುಗೊಳ್ಳದವನು ಪಾಲುದಾರನಲ್ಲ.

ಪ್ರಸಾದ ನಿಲಯದಲ್ಲಿ ಉಂಡು ಓದಿ ಇಂದು ನಗರದಲ್ಲಿ ನೆಲೆನಿಂತವರೇ, ಹತ್ತು ಮನೆಗಳು ಕೂಡಿ ಒಬ್ಬ ರೈತನ ಕೈಹಿಡಿಯಿರಿ. ಉಂಡ ಪ್ರಸಾದದ ಋಣ ಮಠಕ್ಕೆ ಕಾಣಿಕೆ ಕೊಟ್ಟ ಮಾತ್ರಕ್ಕೆ ತೀರದು. ಅದನ್ನು ಬೆಳೆದವನ ಬಾಗಿಲಿಗೂ ಮುಟ್ಟಿಸಬೇಕು.